ಗಾಜಿನ ಪಾತ್ರೆಗಳ ಬಳಕೆಯೂ ಜೋಪಾನವೂ

ಶಿಕಾರಿಪುರ, ಸೊರಬದ ಕಡೆಯ ಅಡಿಗೆಮನೆಗಳಿಗೆ ಮಣ್ಣಿನ ಗಡಿಗೆ, ಹಿತ್ತಾಳೆಯ ಪಾತ್ರೆಗಳ ತರುವಾಯ ಗಾಜಿನ ಪಾತ್ರೆಗಳೂ ಬಂದು ಸೇರಿವೆ. ಗಾಜು ಶುಚಿಯಾದ ವಸ್ತು. ಹುಳಿಗೆ ಕಿಲುಬು ಹಿಡಿಯದು, ವಾಸನೆಯನ್ನು ಹೀರದು. ಆದರೆ ಅದರ ಸ್ವಭಾವವನ್ನರಿಯದೆ ಬಳಸಿದರೆ ಕೈಕಾಲಿಗೆ ಅಪಾಯವುಂಟು. ಆದುದರಿಂದ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಈ ಪಾಠವನ್ನು ಬರೆಯುತ್ತೇವೆ.

ಗಾಜಿನಲ್ಲಿ ಉಷ್ಣವು ಬೇಗ ಹರಡುವುದಿಲ್ಲ. ಬಿಸಿ ತಗಲಿದ ಭಾಗವು ಹಿಗ್ಗುವುದು. ತಣ್ಣಗಿರುವ ಭಾಗವು ಹಿಗ್ಗದೆ ನಿಲ್ಲುವುದು. ಈ ಎಳೆದಾಟವನ್ನು ತಾಳಲಾರದೆ ಗಾಜು ಬಿರಿಯುವುದು. ದಪ್ಪವಾದುದೇ ಗಟ್ಟಿಯೆಂದು ನಂಬಕೂಡದು. ದಪ್ಪವಾದಷ್ಟೂ ಒಳಮೈ ಹೊರಮೈಗಳ ಬಿಸಿಯಲ್ಲಿ ಅಂತರ ಹೆಚ್ಚು. ಅಪ್ಪೆಮಿಡಿಗೆ ಕುದಿಸಿದ ಉಪ್ಪುನೀರನ್ನು ಆರಿಸಿದ ಮೇಲೆಯೇ ಹೊಯ್ಯುವ ಹಿರಿಯರ ಪದ್ಧತಿಯು ಮಿಡಿಗೂ ಹಿತ, ಗಾಜಿನ ಜಾಡಿಗೂ ಹಿತ.

ಜರ್ಮನಿಯ ಆಟೊ ಶಾಟ್ ಎಂಬ ವಿಜ್ಞಾನಿಯು 19ನೆಯ ಶತಮಾನದ ಕೊನೆಯಲ್ಲಿ ಬೋರಾನ್ ಕೂಡಿಸಿದ ಗಾಜನ್ನು ಸಿದ್ಧಪಡಿಸಿದನು. ಈ ಬೋರೋಸಿಲಿಕೇಟ್ ಗಾಜು ಸಾಧಾರಣ ಗಾಜಿನ ಸುಮಾರು ಮೂರನೆಯ ಒಂದು ಪಾಲಷ್ಟೇ ಹಿಗ್ಗುವುದು. 1913ರಲ್ಲಿ ಅಮೆರಿಕದ ಬೆಸ್ಸಿ ಲಿಟಲ್‌ಟನ್ ಎಂಬ ಗೃಹಿಣಿಯು, ಪತಿಯು ಕಾರ್ಖಾನೆಯಿಂದ ತಂದುಕೊಟ್ಟ ಬ್ಯಾಟರಿ ಜಾಡಿಯ ತಳದಲ್ಲಿ ಕೇಕು ಬೇಯಿಸಿ ನೋಡಿದಳು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಮಾರಾಟಕ್ಕೆ ಬಂದವು. ಆದರೆ ಈಗ ಅಂಗಡಿಯಲ್ಲಿ ದೊರೆಯುವುದೆಲ್ಲವೂ ಈ ಜಾತಿಯದಲ್ಲ. ಗುರುತನ್ನು ಓದಿಯೇ ಕೊಳ್ಳತಕ್ಕದ್ದು.

ನೆನಪಿನಲ್ಲಿಡತಕ್ಕ ನಿಯಮಗಳಿವು:

1. ಓವನ್ನಿಗೆಂದು ಮಾಡಿದ ಪಾತ್ರೆಯನ್ನು ಒಲೆಯ ಉರಿಯ ಮೇಲೆ ಇಡಬಾರದು.

2. ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲಾಗಲಿ, ತಣ್ಣೀರಿನಲ್ಲಾಗಲಿ ಇಡದೆ, ಒಣ ಬಟ್ಟೆಯ ಅಥವಾ ಮರದ ಹಲಗೆಯ ಮೇಲೆ ಇಡಬೇಕು. ಹಿಡಿಯುವ ಬಟ್ಟೆಯೂ ಒಣಗಿರಬೇಕು.

3. ಫ್ರಿಜ್ಜಿನಿಂದ ತೆಗೆದುದನ್ನು ಕೂಡಲೆ ಬಿಸಿಗೆ ಒಡ್ಡಬಾರದು.

4. ಮರಳಿನಿಂದಾಗಲಿ, ಕಬ್ಬಿಣದ ನಾರಿನಿಂದಾಗಲಿ ಉಜ್ಜಬಾರದು. ಗೀರು ಬಿದ್ದಲ್ಲಿಯೇ ಬಿರುಕು ಹುಟ್ಟುವುದು.

5. ಅಂಚು ಮುಕ್ಕಾದ ಪಾತ್ರೆಯನ್ನು, ಎಷ್ಟು ಬೆಲೆಯದಾದರೂ, ಅಡಿಗೆಗೆ ಬಳಸಕೂಡದು.

ಒಡೆದ ಚೂರುಗಳ ವಿಷಯವು ಎಲ್ಲಕ್ಕಿಂತ ಮುಖ್ಯವಾದುದು. ಮಕ್ಕಳನ್ನು ದೂರವಿರಿಸಿ, ಚಪ್ಪಲಿ ಮೆಟ್ಟಿ, ದೊಡ್ಡ ಚೂರುಗಳನ್ನು ಗುಡಿಸಿ, ಸಣ್ಣ ಹರಳುಗಳನ್ನು ಒದ್ದೆ ಕಾಗದದಿಂದ ಒರಸಿ ತೆಗೆಯಬೇಕು. ದಪ್ಪ ಕಾಗದದಲ್ಲಿ ಸುತ್ತಿ, ಗಾಜೆಂದು ಬರೆದು, ಕಸ ಒಯ್ಯುವವರಿಗೆ ತಿಳಿಸಿ ಕೊಡಬೇಕು. ತಿಪ್ಪೆಗೆ ಎಸೆದ ಚೂರು ಗೊಬ್ಬರದೊಡನೆ ಗದ್ದೆಗೆ ಹೋಗುವುದು. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಕೆಸರಿಗಿಳಿದು ಸಸಿ ನೆಡುವ ಹೆಂಗಸಿನ ಅಂಗಾಲನ್ನು ಅದು ಸೀಳೀತು. ನಮ್ಮ ಮನೆಯ ಅಜಾಗರೂಕತೆಗೆ ಆಕೆ ನೋವು ತಿನ್ನುವುದು ನ್ಯಾಯವಲ್ಲ.