ಬಾವಿಯ ನೀರು ಕೆಡುವ ವಿಧ

ಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೂ ಬಾಯಿಗೆ ಸಿಹಿಯಾಗಿಯೂ ಇದ್ದರೆ ಅದು ಶುದ್ಧವೆಂದು ನಮ್ಮ ಗ್ರಾಮಸ್ಥರು ಎಣಿಸುವದುಂಟು. ಇದು ತಕ್ಕ ಪರೀಕ್ಷೆಯಲ್ಲ. ಲಂಡನ್ ಪಟ್ಟಣದ ಬ್ರಾಡ್ ಬೀದಿಯಲ್ಲಿದ್ದ ಒಂದು ಪಂಪಿನ ನೀರನ್ನು, ರುಚಿಯಾದದ್ದೆಂದು, ದೂರದಿಂದಲೂ ತರಿಸಿ ಕುಡಿಯುವವರಿದ್ದರು. 1854ರಲ್ಲಿ ಅದೇ ನೀರಿನಿಂದ ವಾಂತಿಭೇದಿ ಹಬ್ಬಿ ಸುಮಾರು 600 ಮಂದಿ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಆ ಪಂಪನ್ನೇ ಗುರುತಿಸಿದರು. ಮರುವರುಷ ಅಗೆದು ನೋಡಿದಾಗ, ಬಾವಿಯಿಂದ ಸುಮಾರು ಒಂದು ಗಜದ ದೂರದಲ್ಲಿಯೇ ಒಂದು ಮನೆಯ ಹೊಲಸು ಗುಂಡಿಯು ಸೋರುತ್ತಿದ್ದದ್ದು ಕಂಡುಬಂತು.

ಆ ದೂರದೇಶದ ಸಂಗತಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಿಗೆ ಏಕೆ ಬೇಕು ಅಂದರೆ, ನಮ್ಮ ನೆಲದ ಸ್ಥಿತಿಯೇ ಇದಕ್ಕೆ ಎಡೆಗೊಡುವದು. ಮಣ್ಣು ಒಂದು ಜರಡಿಯ ಹಾಗಿದೆ. ಕಕ್ಕಸಿನ ಗುಂಡಿಯ ಹೊಲಸು ಒಣಮಣ್ಣಿನಲ್ಲಿ ಮೆಲ್ಲಗೆ ಇಳಿಯುವಾಗ ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕ್ರಮೇಣ ಸಾಯುವವು. ಮಣ್ಣು ನೀರಿನಿಂದ ತುಂಬಿದ್ದರೆ ಅವು ನೀರಿನೊಡನೆ ಬಹುದೂರ ಸಾಗುವವು. ಕೃಷ್ಣರಾಜಸಾಗರದಿಂದ ಬರುವ, ಮೊದಲು ಇರ್ವಿನ್ ನಾಲೆಯೆನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯು ನಮಗೆ ಭತ್ತವನ್ನೂ ಕಬ್ಬನ್ನೂ ಕೊಟ್ಟಿತು. ಆ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದಾಗ್ಯೂ ನಾಲೆಯಿಂದಲೂ ಗದ್ದೆಗಳಿಂದಲೂ ಇಂಗುವ ನೀರು ತಗ್ಗಿನ ಊರುಗಳಲ್ಲಿ ನೆಲದೊಳಗಿನ ನೀರಿನ ಮಟ್ಟವನ್ನು ಮೇಲಕ್ಕೆತ್ತುವದು. ನಾಲೆಗೆ ನೀರು ಬಿಟ್ಟ ಮೇಲೆ ಹಗ್ಗವು ಗಿಡ್ಡವಾದರೂ ಸಾಲುವದನ್ನು ನೀರು ಸೇದುವ ಸ್ತ್ರೀಯರು ಬಲ್ಲರು. ಹಾಗೆ ಏರಿದ ನೀರು ಗುಂಡಿಯ ತಳವನ್ನು ಮುಟ್ಟಿದರೆ ನಡುವೆ ಜರಡಿಯೇ ಉಳಿಯಲಿಲ್ಲ.

ನಾಲೆ ಮುಟ್ಟದ ಮೇಲುಭೂಮಿಯಲ್ಲಿ ಅಪಾಯವು ಬೇರೆ. ಅಲ್ಲಿ ಮಣ್ಣು ತೆಳು, ಕೆಳಗೆ ಬಂಡೆ. ಬಂಡೆಯ ಬಿರುಕುಗಳಲ್ಲಿ ನೀರು ಸೋಸಲ್ಪಡದೆ ಓಡುವದು. ಆದಕಾರಣ ಕೊಳವೆಬಾವಿ ಆಳವಾದದ್ದೆಂಬ ಮಾತ್ರಕ್ಕೆ ನಂಬತಕ್ಕದ್ದಲ್ಲ. ಕೊಳವೆಯ ಸುತ್ತಲಿನ ಕಟ್ಟೆ ಒಡೆದಿದ್ದು, ಅಲ್ಲಿಯೇ ದನ ತೊಳೆದರೆ, ಆ ನೀರು ಸಂದಿನಲ್ಲಿ ನೆಟ್ಟಗೆ ಒಳಗಿಳಿಯುವದು.

ಇವೆಲ್ಲಕ್ಕೂ ಮಳೆ ಸೇರಿದಾಗ ಕೇಡು ಹೆಚ್ಚುವದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯು ತಿಪ್ಪೆಯನ್ನೂ ಕೊಟ್ಟಿಗೆಯನ್ನೂ ಬಯಲನ್ನೂ ತೊಳೆದು ಬಾವಿಯ ಕಡೆಗೆ ತರುವದು. ಆಗ ಕೂಸಿಗೆ ಭೇದಿ ಹಿಡಿದರೆ, ಹಲ್ಲು ಬರುವದರಿಂದ ಎಂದು ಹೇಳಿ ಸುಮ್ಮನಿರುವ ತಾಯಂದಿರುಂಟು. ಅದು ತಪ್ಪು, ಕೂಸಿನ ಮೈಯೊಳಗಿನ ನೀರು ಬೇಗನೆ ಬತ್ತಿ ಪ್ರಾಣಕ್ಕೆ ಬರುವದು. ಎದೆಹಾಲನ್ನು ನಿಲ್ಲಿಸದೆ, ಆರೋಗ್ಯಕೇಂದ್ರದಲ್ಲಿ ಸಿಕ್ಕುವ ಓ.ಆರ್.ಎಸ್. ಪುಡಿಯ ನೀರನ್ನು ಕುಡಿಸುತ್ತಾ ವೈದ್ಯರಿಗೆ ತೋರಿಸಬೇಕು.

ಹೊಸದಾಗಿ ಕಕ್ಕಸು ಕಟ್ಟುವವರು ಬಾವಿಗಿಂತ ತಗ್ಗಿನ ಕಡೆಯಲ್ಲಿ, ಸಾಧ್ಯವಾದರೆ 30 ಮೀಟರ್ ದೂರದಲ್ಲಿ ಗುಂಡಿಯನ್ನು ತೆಗೆಯಲಿ. ನೀರು ಅತ್ಯಂತ ಮೇಲೇರುವ ಕಾಲದಲ್ಲಿಯೂ ಗುಂಡಿಯ ತಳಕ್ಕೂ ನೀರಿಗೂ ನಡುವೆ 2 ಮೀಟರ್ ಒಣಮಣ್ಣು ಇರಬೇಕು. ಅಳತೆಯನ್ನು ಬೇಸಿಗೆಯಲ್ಲಿ ತೆಗೆದುಕೊಂಡರೆ ಮೋಸಹೋಗುವಿರಿ. ನೀರನ್ನು ಪರೀಕ್ಷಿಸುವದಕ್ಕೆ ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಸುಲಭವಾದ ಸೀಸೆಯ ವಿಧಾನವುಂಟು. ನೀರನ್ನು ತುಂಬಿ ಬೆಚ್ಚಗೆ ಇಟ್ಟರೆ, ಮಲದ ಅಣುಗಳಿರುವಲ್ಲಿ ಒಂದೆರಡು ದಿನಗಳೊಳಗೆ ಕಪ್ಪಾಗುವದು.

ಕುಡಿಯುವ ನೀರನ್ನು ಕೊತಕೊತನೆ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸುವದು ಅತಿ ನಿಶ್ಚಯವಾದ ಉಪಾಯ. ಸೌದೆಯ ಕೊರತೆಯಿದ್ದಲ್ಲಿ ಬ್ಲೀಚಿಂಗ್ ಪುಡಿಯನ್ನು ಬಳಸಬಹುದು: 1000 ಲೀಟರ್ ತಿಳಿನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ, ಕುಡಿಯುವ ಮುಂಚೆ ಒಂದು ತಾಸಿನ ಕಾಲಾವಕಾಶ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವದಿಲ್ಲ. ಬಾವಿಗೆ ಒಮ್ಮೆ ಹಾಕಿದರೆ ವರುಷವೆಲ್ಲಾ ಸಾಕೆಂದು ಎಣಿಸಬೇಡಿರಿ. ಬಾವಿಗೆ ಹೊಸ ನೀರು ಒಸರುತ್ತಲೇ ಇರುವದು, ಸೋರುವ ಗುಂಡಿಯು ಹತ್ತಿರವಿದ್ದರೆ ಹೊಲಸೂ ಅದರೊಡನೆ ಬರುತ್ತಲೇ ಇರುವದು.