ಯಂತ್ರಭಾಗದ ನಕ್ಷೆಯನ್ನು ಬರೆಯುವ ಕ್ರಮ

ಅಕ್ಕಿಗಿರಣಿಯ ಎಲಿವೇಟರಿಗೋ, ಗೇರುಬೀಜದ ಕಾರ್ಖಾನೆಯ ಬಾಯ್ಲರಿಗೋ, ಗಂಗೊಳ್ಳಿಯ ಬಂದರಿನಲ್ಲಿ ದುರಸ್ತಿಗೆ ನಿಂತ ಬೋಟಿನ ವಿಂಚಿಗೋ ಬೇಕಾದ ಬಿಡಿಭಾಗವೊಂದನ್ನು ಮಾಡಿಸಿಕೊಳ್ಳುವುದಕ್ಕಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಲೇಥು ಅಂಗಡಿಗಳಿಗೆ ಬರುವ ನಕ್ಷೆಗಳಲ್ಲಿ ಗೆರೆಗಳು ನೆಟ್ಟಗಿರುತ್ತವೆ, ಅಕ್ಷರಗಳು ದುಂಡಗಿರುತ್ತವೆ, ಕಂಪ್ಯೂಟರಿನಲ್ಲಿ ಬರೆದವಾದರಂತೂ ಅಂದಕ್ಕೆ ಕೊರತೆಯೇ ಇಲ್ಲ. ಆದರೂ ಅವುಗಳನ್ನು ಕೈಗೆತ್ತಿಕೊಂಡ ಕೆಲಸಗಾರನು, ಬರೆದವರಿಗೆ ಎರಡು ಸಲ ಫೋನು ಮಾಡದೆ ಕಬ್ಬಿಣಕ್ಕೆ ಕೈಹಚ್ಚಲಾರನು. ಐಟಿಐ, ಡಿಪ್ಲೊಮಾ ಮುಗಿಸಿದ ತರುಣರು ಬರೆದ ನಕ್ಷೆಗಳೂ ಈ ಮಾತಿಗೆ ಹೊರತಲ್ಲ. ನಕ್ಷೆಯೆಂಬುದು ಚಿತ್ರವಲ್ಲ, ಒಬ್ಬರನ್ನೊಬ್ಬರು ಕಾಣದ ಇಬ್ಬರ ನಡುವಿನ ಕರಾರುಪತ್ರ. ಕರಾರಿನಲ್ಲಿ ಬರೆಯದೆ ಬಿಟ್ಟುದಕ್ಕೆ ಯಾರೂ ಹೊಣೆಯಾಗುವುದಿಲ್ಲ. ಈ ಒಂದು ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ನಿಯಮಗಳೆಲ್ಲ ತಾವಾಗಿಯೇ ಸಕಾರಣವೆನಿಸುತ್ತವೆ.

ಪೂರ್ವಪೀಠಿಕೆಯನ್ನು ಬೆಳೆಸುವ ಅಗತ್ಯವಿಲ್ಲ. ನಮ್ಮ ಕರಾವಳಿಯ ಆಚಾರಿಗಳು ಕೋಲು–ಅಂಗುಲಗಳ ಲೆಕ್ಕದಲ್ಲಿ ಚಾವಡಿಯ ಕಂಬ, ತೊಲೆಗಳನ್ನು ಕಾಗದದ ಸಹಾಯವಿಲ್ಲದೆ ನಿಲ್ಲಿಸಿದರೆಂದರೆ, ಯೋಚಿಸಿದವನೂ ಉಳಿ ಹಿಡಿದವನೂ ಒಬ್ಬನೇ ಆಗಿದ್ದುದು ಅದಕ್ಕೆ ಕಾರಣ. ಇಂದು ಭಾಗವನ್ನು ಅಳೆಯುವುದು ಬ್ರಹ್ಮಾವರದಲ್ಲಿ, ಎರಕ ಹೊಯ್ಯುವುದು ಶಿವಮೊಗ್ಗ ಅಥವಾ ಬೆಳಗಾವಿಯ ಫೌಂಡ್ರಿಯಲ್ಲಿ, ಕಡೆಯುವುದು ಮತ್ತೆಲ್ಲಿಯೋ; ಇವರ ನಡುವೆ ನಕ್ಷೆಯೇ ಮಾತು. ಘನವಸ್ತುವನ್ನು ಪರಸ್ಪರ ಲಂಬವಾದ ಸಮತಲಗಳ ಮೇಲೆ ಪ್ರಕ್ಷೇಪಿಸಿ ತೋರಿಸುವ ವಿಧಾನಕ್ಕೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಗಾಸ್ಪಾರ್ ಮೊಂಜ್ ಶಾಸ್ತ್ರರೂಪವನ್ನು ಕೊಟ್ಟನು. ಕೋಟೆ ಕಟ್ಟುವ ವಿದ್ಯೆಗೆ ಸಂಬಂಧಿಸಿದ್ದೆಂದು ಫ್ರೆಂಚ್ ಸೈನ್ಯವು ಅದನ್ನು ಬಹುಕಾಲ ಗುಟ್ಟಾಗಿಯೇ ಇಟ್ಟಿತ್ತು. ನಮ್ಮ ದೇಶದ ಶಾಲಾಕಾಲೇಜುಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಎಸ್.ಪಿ. 46 ಎಂಬ ಕೈಪಿಡಿಯೇ ಈ ಲೇಖನಕ್ಕೂ ಆಧಾರ.

1. ಹಾಳೆ ಮತ್ತು ಶೀರ್ಷಿಕೆ ಚೌಕ

ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರು. ಅದನ್ನು ಅರ್ಧರ್ಧ ಮಾಡುತ್ತ ಹೋದರೆ ಎ1, ಎ2, ಎ3, ಎ4 ಕ್ರಮವಾಗಿ ದೊರೆಯುತ್ತವೆ. ಬಿಡಿಭಾಗವೊಂದಕ್ಕೆ 297×420 ಮಿ.ಮೀ. ಅಳತೆಯ ಎ3 ಸಾಕು. ಫೈಲು ಮಾಡುವುದಕ್ಕಾಗಿ ಎಡಕ್ಕೆ 20 ಮಿ.ಮೀ., ಉಳಿದ ಮೂರು ಕಡೆಗೆ 10 ಮಿ.ಮೀ. ಅಂಚು ಬಿಟ್ಟು ಚೌಕಟ್ಟು ಎಳೆದು, ಬಲಭಾಗದ ಕೆಳಮೂಲೆಯಲ್ಲಿ ಶೀರ್ಷಿಕೆ ಚೌಕವನ್ನು ಮೊದಲೇ ತುಂಬಿರಿ: ಭಾಗದ ಹೆಸರು, ಎಷ್ಟು ನಗ ಬೇಕು, ಯಾವ ಲೋಹ, ಪ್ರಮಾಣ, ಅಳತೆಯ ಮಾನ, ದಿನಾಂಕ, ಪ್ರಕ್ಷೇಪದ ಗುರುತು. ಕೊನೆಗೆ ಬರೆದರಾಯಿತೆಂದು ಬಿಟ್ಟವರು ಬರೆಯುವುದೇ ಇಲ್ಲವೆಂಬುದು ನನ್ನ ಅನುಭವ.

2. ಗೆರೆಗಳ ಜಾತಿ

ಕಣ್ಣಿಗೆ ಕಾಣುವ ಅಂಚಿಗೆ ದಪ್ಪನೆಯ ಅಖಂಡ ಗೆರೆ. ಅಳತೆಯ ಗೆರೆಗೂ ಅದನ್ನು ಹೊರತರುವ ಗೆರೆಗೂ ತೆಳ್ಳನೆಯ ಅಖಂಡ ಗೆರೆ. ಮರೆಯಲ್ಲಿರುವ ಅಂಚಿಗೆ ತುಂಡುಗೆರೆ. ವೃತ್ತದ ಕೇಂದ್ರಕ್ಕೂ ಸಮರೂಪದ ಅಕ್ಷಕ್ಕೂ ಒಂದು ಉದ್ದ ಒಂದು ಗಿಡ್ಡವಾಗಿ ಸಾಗುವ ಸರಪಳಿಗೆರೆ. ದಪ್ಪನೆಯದು ತೆಳ್ಳನೆಯದರ ಎರಡರಷ್ಟು ದಪ್ಪವಿರಬೇಕು. ಒಂದೇ ಸ್ಥಳದಲ್ಲಿ ಎರಡು ಗೆರೆಗಳು ಬಿದ್ದರೆ ಕಾಣುವ ಅಂಚಿಗೆ ಪ್ರಥಮ ಪ್ರಾಶಸ್ತ್ಯ, ಅನಂತರ ಮರೆಯ ಅಂಚಿಗೆ, ಕಡೆಯಲ್ಲಿ ಅಕ್ಷರೇಖೆಗೆ. ಪೆನ್ಸಿಲಿನಲ್ಲಿ ಬರೆಯುವವರು ಮೊದಲು 2ಎಚ್‌ನಿಂದ ಹಗುರವಾಗಿ ಎಲ್ಲವನ್ನೂ ಗುರುತಿಸಿಕೊಂಡು, ಆಮೇಲೆ ಎಚ್‌ಬಿಯಿಂದ ಅಂಚುಗಳನ್ನು ತೀಡತಕ್ಕದ್ದು.

3. ನೋಟಗಳ ಸ್ಥಾನ

ಇಲ್ಲಿ ಓದುಗರು ಕೊಂಚ ನಿಧಾನಿಸಬೇಕೆಂದು ವಿಜ್ಞಾಪನೆ. ಏಕೆಂದರೆ ಕಬ್ಬಿಣ, ಕೂಲಿ, ಸಮಯಗಳು ಹಾಳಾಗುವುದು ಬಹುಮಟ್ಟಿಗೆ ಈ ಮೆಟ್ಟಿಲಿನಲ್ಲಿಯೇ. ವಸ್ತುವಿನ ಆಕಾರವನ್ನು ಯಾವ ದಿಕ್ಕು ಅತ್ಯಂತ ಸ್ಪಷ್ಟವಾಗಿ ತೋರುವುದೋ ಅದನ್ನು ಮುಂಭಾಗದ ನೋಟವೆಂದು ಆರಿಸಿಕೊಂಡ ಮೇಲೆ, ಮೇಲಿನಿಂದ ನೋಡಿದುದನ್ನು ಅದರ ಕೆಳಗೆ ಇಡಬೇಕೋ ಮೇಲೆ ಇಡಬೇಕೋ ಎಂಬ ಪ್ರಶ್ನೆ ಹುಟ್ಟುತ್ತದೆ. ವಸ್ತುವು ನೋಡುವವನಿಗೂ ಸಮತಲಕ್ಕೂ ನಡುವೆ ಇದೆಯೆಂದು ಭಾವಿಸಿ, ಅದರ ಆಕೃತಿಯನ್ನು ಆಚೆಯ ಸಮತಲದ ಮೇಲೆ ಬೀಳಿಸುವುದು ಪ್ರಥಮ ಕೋನ ಪದ್ಧತಿ; ಇದರಲ್ಲಿ ಮೇಲಿನ ನೋಟ ಮುಂಭಾಗದ ನೋಟದ ಕೆಳಗೂ, ಎಡದಿಂದ ನೋಡಿದ್ದು ಬಲಕ್ಕೂ ಬರುತ್ತವೆ. ಸಮತಲವನ್ನು ಪಾರದರ್ಶಕವೆಂದು ಕಲ್ಪಿಸಿ, ನೋಡುವವನಿಗೂ ವಸ್ತುವಿಗೂ ನಡುವೆ ಅದನ್ನು ನಿಲ್ಲಿಸುವುದು ತೃತೀಯ ಕೋನ ಪದ್ಧತಿ; ಇದರಲ್ಲಿ ಮೇಲಿನದು ಮೇಲೆಯೇ, ಎಡದ್ದು ಎಡಕ್ಕೇ. ನಮ್ಮ ದೇಶದ ಪಾಠಕ್ರಮಗಳೂ ಯೂರೋಪಿನ ಬಹುಭಾಗವೂ ಮೊದಲನೆಯದನ್ನು ಅನುಸರಿಸಿದರೆ ಅಮೆರಿಕವು ಎರಡನೆಯದನ್ನು ಅನುಸರಿಸುತ್ತದೆ. ತೊಡಕು ಹುಟ್ಟುವುದು, ಕಾಲೇಜಿನಲ್ಲಿ ಪ್ರಥಮ ಕೋನವನ್ನು ಕಲಿತವರು ವಿಡಿಯೋ ಪಾಠಗಳಲ್ಲಿ ತೃತೀಯ ಕೋನವನ್ನು ಕಂಡು, ಸಾಫ್ಟ್‌ವೇರಿನ ಟೆಂಪ್ಲೇಟು ಯಾವ ದೇಶದ ಮಾನಕಕ್ಕೆ ಹೊಂದಿಸಿದ್ದೆಂದು ವಿಚಾರಿಸದೆ, ನೋಟಗಳನ್ನು ಅದು ಇಟ್ಟಲ್ಲಿಯೇ ಬಿಟ್ಟುಬಿಡುವುದರಿಂದ.

ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ಗಿರಣಿಯ ಎಲಿವೇಟರಿನ ಬೇರಿಂಗಿಗೆ ಆಧಾರವಾಗುವ ಬ್ರ್ಯಾಕೆಟ್ಟೊಂದು: ತಳದ ಪ್ಲೇಟು 120 ಮಿ.ಮೀ. ಉದ್ದ, 80 ಅಗಲ, 10 ದಪ್ಪ. ಅದರ ಎಡತುದಿಯ ಮೇಲೆ 10 ದಪ್ಪದ ಇನ್ನೊಂದು ಪ್ಲೇಟು ನೆಟ್ಟಗೆ ನಿಂತಿದೆ. ತಳದಲ್ಲಿ ಬಲ ಅಂಚಿನಿಂದ 30, ಮುಂದಿನ ಅಂಚಿನಿಂದ 25 ಮಿ.ಮೀ. ದೂರದಲ್ಲಿ ಒಂದೇ ಒಂದು ಬೋಲ್ಟಿನ ತೂತು. ಪ್ರಥಮ ಕೋನದಲ್ಲಿ ಬರೆದವರು ಮೇಲಿನ ನೋಟವನ್ನು ಕೆಳಗಿಟ್ಟರು. ಅಲ್ಲಿ ಹಾಳೆಯ ಕೆಳಬದಿಗಿರುವ ಅಂಚೇ ವಸ್ತುವಿನ ಮುಂದಿನ ಅಂಚು. ತೃತೀಯ ಕೋನಕ್ಕೆ ಒಗ್ಗಿದ ಕಣ್ಣು ಅದನ್ನು ತಳದಿಂದ ನೋಡಿದ ನೋಟವೆಂದು ಬಗೆಯುತ್ತದೆ. ಆಗ ಮುಂಭಾಗದ ನೋಟಕ್ಕೆ ಸಮೀಪದ ಅಂಚೇ ಮುಂದಿನದಾಗಿ, ತೂತು ಹಿಂದಿನ ಅಂಚಿನಿಂದ 25 ಮಿ.ಮೀ.ಗೆ, ಎಂದರೆ ಇರಬೇಕಾದ ಸ್ಥಳದಿಂದ 30 ಮಿ.ಮೀ. ಆಚೆಗೆ ಬೀಳುತ್ತದೆ. ಇಂತಹ ತುಂಡನ್ನು ತಿರುಗಿಸಿ ಮುರುಗಿಸಿ ಕೂರಿಸಲು ನೋಡುವುದು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿದಂತೆಯೇ. ಅದು ಬೇಕಾದುದರ ಕನ್ನಡಿಬಿಂಬವಾದುದರಿಂದ ಯಾವ ತಿರುವಿನಲ್ಲಿಯೂ ಹೊಂದದು.

ಅನುಭವಿಯಾದ ಟರ್ನರ್ ಈ ಹಳ್ಳಕ್ಕೆ ಬೀಳುವುದಿಲ್ಲ. ನಿಂತ ಪ್ಲೇಟಿನ ಒಳಮೈಯನ್ನು ಸೂಚಿಸುವ ಗೆರೆ, ಎಡ ಅಂಚಿನಿಂದ 10 ಮಿ.ಮೀ. ದೂರದಲ್ಲಿ ಅಖಂಡವಾಗಿರುವುದನ್ನು ಅವನು ಮೊದಲು ನೋಡುತ್ತಾನೆ. ತಳದಿಂದ ನೋಡಿದ್ದಾಗಿದ್ದರೆ ಅದು ತುಂಡುಗೆರೆಯಾಗಿರಬೇಕಿತ್ತಲ್ಲವೆ? ಆದರೆ ಎರಡನೆಯ ಮೆಟ್ಟಿಲಿನ ನಿಯಮವನ್ನು ಕಡೆಗಣಿಸಿ ಎಲ್ಲ ಗೆರೆಗಳನ್ನೂ ಒಂದೇ ತೆರನಾಗಿ ಎಳೆದವರು ಅವನ ಕೈಯಿಂದ ಆ ಸಾಕ್ಷಿಯನ್ನೂ ಕಿತ್ತುಕೊಂಡಂತಾಯಿತು. ಎಡಬಲ, ಹಿಂದುಮುಂದು ಸಮರೂಪವಾಗಿರುವ ಬುಷ್, ವಾಷರುಗಳಲ್ಲಿ ಈ ದೋಷ ಎಂದೂ ಬಯಲಾಗದು. ಹೀಗಾಗಿ ಹತ್ತು ಬುಷ್‌ಗಳನ್ನು ಸರಿಯಾಗಿ ಮಾಡಿಸಿಕೊಂಡವರು ತಮ್ಮ ಪದ್ಧತಿ ನಿರ್ದುಷ್ಟವೆಂದು ನಂಬಿ ಹನ್ನೊಂದನೆಯದಾದ ಬ್ರ್ಯಾಕೆಟ್ಟಿನಲ್ಲಿ ಮೋಸಹೋಗುತ್ತಾರೆ.

ಪರಿಹಾರವೋ ಅತಿ ಸುಲಭ. ಶೀರ್ಷಿಕೆ ಚೌಕದಲ್ಲಿ, ತುದಿ ಕಡಿದ ಶಂಕುವಿನ ಎರಡು ನೋಟಗಳುಳ್ಳ ಗುರುತನ್ನು ಬರೆಯಿರಿ. ಶಂಕುವಿನ ಚಿಕ್ಕ ತುದಿ ಎಡಕ್ಕಿದ್ದು, ಒಂದರೊಳಗೊಂದಿರುವ ಎರಡು ವೃತ್ತಗಳು ಅದರ ಬಲಕ್ಕಿದ್ದರೆ ಪ್ರಥಮ ಕೋನ. ವೃತ್ತಗಳೇ ಎಡಕ್ಕಿದ್ದರೆ ತೃತೀಯ. ಅಷ್ಟೇ ಅಲ್ಲದೆ, ಗುರುತಿನ ಪರಿಚಯ ಎಲ್ಲರಿಗೂ ಇರದೆಂದು ತಿಳಿದು, ಪ್ರತಿಯೊಂದು ನೋಟದ ಕೆಳಗೆ ‘ಮೇಲಿನಿಂದ’, ‘ಎಡದಿಂದ’ ಎಂದು ಕನ್ನಡದಲ್ಲಿಯೇ ಬರೆದುಬಿಡಿ. ಪಂಡಿತರು ಇದನ್ನು ಅನಾವಶ್ಯಕವೆಂದಾರು. ಕಬ್ಬಿಣದ ಬೆಲೆ ಕೊಡುವವರು ಹಾಗೆನ್ನರು.

4. ಅಳತೆಗಳು

ಪ್ರತಿಯೊಂದು ಅಳತೆಯನ್ನೂ ಒಮ್ಮೆ ಮಾತ್ರ, ಆಕಾರವು ಸ್ಪಷ್ಟವಾಗಿ ಕಾಣುವ ನೋಟದಲ್ಲಿ ಕೊಡಿ. ಎರಡು ಕಡೆ ಕೊಟ್ಟರೆ, ತಿದ್ದುವಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ. ಅಂಕೆಯು ಅಳತೆಗೆರೆಯ ಮೇಲಿರಲಿ. ಬಾಣದ ತಲೆಯ ಉದ್ದ ಅದರ ಅಗಲದ ಮೂರರಷ್ಟಿರಲಿ. ತೂತಿನ ಸ್ಥಾನವನ್ನು ಯಾವಾಗಲೂ ಅದರ ಕೇಂದ್ರದವರೆಗೆ ಅಳೆಯತಕ್ಕದ್ದು, ತೂತಿನ ಅಂಚಿನವರೆಗಲ್ಲ. ಮಿಲಿಮೀಟರು ಎಂದು ಶೀರ್ಷಿಕೆಯಲ್ಲಿ ಒಮ್ಮೆ ಹೇಳಿದ ಮೇಲೆ ಪ್ರತಿ ಅಂಕೆಗೂ ಅದನ್ನು ಅಂಟಿಸಬೇಕಾಗಿಲ್ಲ. ತೂಕ ಮತ್ತು ಅಳತೆಗಳ ಮಾನಕ ಕಾಯಿದೆ 1956ರಲ್ಲಿಯೇ ಬಂದಿದ್ದರೂ ನಮ್ಮ ಅಂಗಡಿಗಳಲ್ಲಿ ಇಂಚು, ನೂಲುಗಳು ಇನ್ನೂ ಜೀವಂತವಾಗಿವೆ. ಅದು ತಪ್ಪಲ್ಲ, ಒಂದೇ ನಕ್ಷೆಯಲ್ಲಿ ಎರಡನ್ನೂ ಬೆರೆಸುವುದು ತಪ್ಪು. ಅರ್ಧ ಇಂಚಿನ ಬೋಲ್ಟು 12.7 ಮಿ.ಮೀ., ಎಂ12 ಬೋಲ್ಟು 12 ಮಿ.ಮೀ.; ವ್ಯಾಸದ ಅಂತರ ಅಲ್ಪವೆನಿಸಿದರೂ ತಿರುಪಿನ ಎಳೆಗಳ ಹೆಜ್ಜೆ ಬೇರೆಯಾದುದರಿಂದ ಒಂದರ ನಟ್ಟು ಇನ್ನೊಂದಕ್ಕೆ ಹಿಡಿಯದು.

ಬರೆದ ಅಂಕೆಯೇ ಪ್ರಮಾಣ, ಕಾಗದದ ಮೇಲೆ ಸ್ಕೇಲಿಟ್ಟು ಅಳೆದುದಲ್ಲ. ವಾಟ್ಸಾಪಿನಲ್ಲಿ ಬಂದ ಎ3 ನಕ್ಷೆಯನ್ನು ಎ4 ಕಾಗದಕ್ಕೆ ಹೊಂದಿಸಿ ಅಚ್ಚು ತೆಗೆದಾಗ 100 ಮಿ.ಮೀ. ಗೆರೆ ಸುಮಾರು 71 ಮಿ.ಮೀ.ಗೆ ಕುಗ್ಗುತ್ತದೆ, 1:1 ಎಂಬ ಬರಹ ಮಾತ್ರ ಹಾಗೆಯೇ ಉಳಿಯುತ್ತದೆ!

5. ಛೇದ ನೋಟ ಮತ್ತು ಉಳಿದವು

ತುಂಡುಗೆರೆಗಳು ಹೆಚ್ಚಾಗಿ ಗೋಜಲಾದಾಗ ವಸ್ತುವನ್ನು ಕತ್ತರಿಸಿದಂತೆ ಕಲ್ಪಿಸಿ, ಕತ್ತರಿಸಿದ ಮೈಗೆ 45 ಅಂಶದ ತೆಳುವಾದ ಓರೆಗೆರೆಗಳನ್ನು ಎಳೆಯಬೇಕು. ನಮ್ಮ ಕಿಂಡಿ ಅಣೆಕಟ್ಟಿನ ಕಂಬದಲ್ಲಿ ಎರಡು ಸಾಲು ಹಲಗೆಗಳನ್ನು ಇಳಿಸುವ ಸೀಳುಗಳ ಅಗಲ, ಆಳ, ಅವುಗಳ ನಡುವೆ ಮಣ್ಣು ತುಂಬುವ ತೆರಪು ಇವೆಲ್ಲ, ಕಂಬವನ್ನು ಅಡ್ಡಡ್ಡ ಕತ್ತರಿಸಿ ಮೇಲಿನಿಂದ ನೋಡಿದ ಒಂದೇ ಛೇದ ನೋಟದಲ್ಲಿ ತಿಳಿದುಬರುತ್ತವೆ. ಶಾಫ್ಟು, ಬೋಲ್ಟುಗಳನ್ನು ಉದ್ದಕ್ಕೆ ಕತ್ತರಿಸಿದರೂ ಓರೆಗೆರೆ ಹಾಕುವ ವಾಡಿಕೆಯಿಲ್ಲ. ಬೇರಿಂಗು ಕೂರುವ ಕಡೆಗಳಲ್ಲಿ ಎಷ್ಟು ವ್ಯತ್ಯಾಸ ಸಲ್ಲುತ್ತದೆಂಬುದನ್ನೂ ಬರೆಯಬೇಕು. ಅದರ ವಿವರಕ್ಕೆ ಇಲ್ಲಿ ಸ್ಥಳವಿಲ್ಲ. ಕಡೆಯದಾಗಿ, ಆ ಭಾಗವನ್ನು ಕಂಡೇ ಇರದ ಒಬ್ಬರ ಕೈಗೆ ನಕ್ಷೆಯನ್ನು ಕೊಟ್ಟು ಆಕಾರವನ್ನು ಬಾಯಿಂದ ವಿವರಿಸಲು ಹೇಳಿ, ಅವರು ಎಲ್ಲೆಲ್ಲಿ ತಡವರಿಸುವರೋ ಅಲ್ಲಲ್ಲಿ ತಿದ್ದಿ, ಅನಂತರವೇ ಅಂಗಡಿಗೆ ಕಳುಹಿಸಿರಿ.