ಪಹರೆಯವರ ಮೇಲಿನ ಜಮಾದಾರರು



ಕಲ್ಯಾಣದಿಂದ ನಮ್ಮ ವಾಚನಾಲಯಕ್ಕೆ ಬರುವ ಸದಸ್ಯರೊಬ್ಬರು, ಮಗಳ ಇನ್ಸುಲಿನ್ ನಿಲ್ಲಿಸಿ, ಯಾರೋ ಹೇಳಿದ "ಜೀವಕಣದ ಇಂಜೆಕ್ಷನ್" ಕೊಡಿಸಲು ಸಾಲ ಹುಡುಕುತ್ತಿದ್ದರು. ಮೆಟ್ರಿಕ್ ಓದಿದ ನಾನು ತಿಳಿದುಕೊಂಡಷ್ಟನ್ನು ಅವರಿಗಾಗಿಯೂ ತಮಗಾಗಿಯೂ ಬರೆಯುತ್ತೇನೆ.

ರಕ್ತದ ಬಿಳಿ ಕಣಗಳು ಗಿರಣಿಯ ಗೇಟಿನ ಪಹರೆಯವರಿದ್ದಂತೆ. ರೋಗಾಣುಗಳನ್ನು ತಡೆಯುವುದು ಅವುಗಳ ಕೆಲಸ. ಪಹರೆಯವನು ಒಳಗಿನ ಕೆಲಸಗಾರನನ್ನೇ ಕಳ್ಳನೆಂದು ಬಡಿದರೆ ಹೇಗೆ? ಇನ್ಸುಲಿನ್ ತಯಾರಿಸುವ ಜೀವಕಣಗಳನ್ನು ಹಾಗೆ ಬಡಿದಾಗ, ಹೆಚ್ಚಾಗಿ ಎಳೆಯರಿಗೆ ಬರುವ ಒಂದನೆಯ ಬಗೆಯ ಸಕ್ಕರೆ ರೋಗವಾಗುತ್ತದೆ. ಕೀಲುಗಳನ್ನು ಬಡಿದಾಗ ಒಂದು ಬಗೆಯ ಸಂಧಿವಾತ.

ಹಾಗಾದರೆ ಎಲ್ಲರಿಗೂ ಹೀಗೇಕೆ ಆಗುವುದಿಲ್ಲ? ಜಪಾನಿನ ಶಿಮೊನ್ ಸಕಾಗುಚಿ ಇದನ್ನು ಇಲಿಗಳಲ್ಲಿ ಶೋಧಿಸಿದರು. ಹುಟ್ಟಿ 3 ದಿನವಾದ ಮರಿಯ ಎದೆಯಿಂದ ಥೈಮಸ್ ಗ್ರಂಥಿಯನ್ನು ತೆಗೆದರೆ, ಅದರ ದೇಹ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುತ್ತಿತ್ತು. ಆರೋಗ್ಯವಾಗಿದ್ದ ಇಲಿಯಿಂದ ಟಿ ಕಣಗಳೆಂಬ ಬಿಳಿ ಕಣಗಳನ್ನು ತಂದು ಕೊಟ್ಟರೆ ರೋಗ ತಪ್ಪುತ್ತಿತ್ತು. ಅಂದರೆ ಪಹರೆಯವರ ಮೇಲೂ ಜಮಾದಾರರಿದ್ದಾರೆ! ಈ ನಿಯಂತ್ರಕ ಟಿ ಕಣಗಳನ್ನು ಅವರು 1995ರಲ್ಲಿ ಗುರುತು ಹಿಡಿದು ತೋರಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಕೆಟ್ಟರೆ ಇಂಥದೇ ರೋಗ ತರುವ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದರು. ಜಮಾದಾರರನ್ನು ರೂಪಿಸುವುದು ಅದೇ ಎಂದು 2003ರಲ್ಲಿ ತಿಳಿದುಬಂತು. ಮೂವರಿಗೂ 2025ರ ನೊಬೆಲ್ ಬಹುಮಾನ ಸಂದಿತು.

ರೋಗಿಯ ರಕ್ತದಿಂದ ಈ ಕಣಗಳನ್ನು ಆರಿಸಿ, ಪ್ರಯೋಗಶಾಲೆಯಲ್ಲಿ ವೃದ್ಧಿಪಡಿಸಿ, ಅವನಿಗೇ ಮರಳಿ ಕೊಡುವುದು ಈಗಿನ ಒಂದು ಪ್ರಯತ್ನ. ಅಮೆರಿಕದಲ್ಲಿ 14 ಮಂದಿ ಸಕ್ಕರೆ ರೋಗಿಗಳಿಗೆ ಹೀಗೆ ಕೊಟ್ಟುದರಿಂದ ಅಪಾಯವಾಗಲಿಲ್ಲವೆಂದು 2015ರ ವರದಿ ಹೇಳಿತು. ಆದರೆ ಮಕ್ಕಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇನ್ಸುಲಿನ್ ಉತ್ಪತ್ತಿ ಕುಗ್ಗುವುದನ್ನು ತಡೆಯಲಾಗಲಿಲ್ಲ. ಮರಳಿ ಕೊಟ್ಟ ಕಣ ದೇಹದಲ್ಲಿ ಬಾಳಲೂ ಬೇಕಲ್ಲವೆ? ಇಂಥ ಕಣಗಳು ಹೇಗೆ ಜೀವ ಹಿಡಿದುಕೊಂಡಿರುತ್ತವೆಂಬುದನ್ನು ಬೆಂಗಳೂರಿನಲ್ಲಿ ಡಾ. ಅಪೂರ್ವಾ ಸರಿನ್ ಅವರ ತಂಡ ಇಲಿಯ ಕಣಗಳಲ್ಲಿ ಅಭ್ಯಾಸ ಮಾಡಿದೆ.

ನಮ್ಮ ಖಾರ್ಘರಿನ ಟಾಟಾ ಕೇಂದ್ರದಲ್ಲಿಯೂ ರೋಗಿಯ ಟಿ ಕಣಗಳನ್ನು ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆ ಉಂಟು. ಆದರೆ ಅದು ರಕ್ತದ ಕ್ಯಾನ್ಸರಿಗೆ. ಅಲ್ಲಿ ಕಣಗಳನ್ನು ಕಾದಾಡಲು ಕಳಿಸುತ್ತಾರೆ, ಇಲ್ಲಿ ಸಮಾಧಾನ ಮಾಡಲು. ಎರಡನ್ನೂ ಒಂದೆಂದು ತಿಳಿಯಬಾರದು.

ವಿದ್ಯೆ ಬೆಳೆಯುತ್ತಿದೆ, ಆಸೆ ಇಡೋಣ. ಅದು ಕೈಗೆ ಬರುವ ತನಕ, ಮಗುವಿನ ಇನ್ಸುಲಿನನ್ನು ಒಂದು ದಿನವೂ ತಪ್ಪಿಸಬೇಡಿ. "ಖಂಡಿತ ವಾಸಿ" ಎಂದು ಹಣ ಕೇಳುವವರಿದ್ದರೆ, ಮೊದಲು ಸರ್ಕಾರಿ ಆಸ್ಪತ್ರೆಯ ಡಾಕ್ಟರರನ್ನು ವಿಚಾರಿಸಿ, ಆಮೇಲೆ ಸಾಲದ ಮಾತು.